ರಾಚಮ್ಮ ತಂದ ಬಿಂದಿಗೆ

ಹನಗೋಡಿನಿಂದ ಸ್ವಲ್ಪ ಕೆಳಗೆ ಒಂದು ಸಣ್ಣ ಹಳ್ಳ ಬಂದು ಲಕ್ಷ್ಮಣತೀರ್ಥ ಹೊಳೆಯನ್ನು ಸೇರುತ್ತದೆ. ಹೆಸರು ಅತ್ತಿಹಳ್ಳ. ಹೆಸರು ಉಳಿದಿದೆ, ಅತ್ತಿಮರ ಒಂದೂ ಉಳಿದಿಲ್ಲ. ದಡದ ಮರಗಳೆಲ್ಲ ಒಂದೊಂದಾಗಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಹೋದವು.

ಆ ಹಳ್ಳದ ತಿರುವಿನಲ್ಲಿ ಸುನಂದಮ್ಮನ ಮನೆಯವರ ಎರಡೆಕರೆ ಹೊಲವಿದೆ. ಬೇಸಿಗೆಯಲ್ಲಿ ನೀರು ಕೈಗೆಟುಕಲಿ ಎಂದು ಅವಳ ಗಂಡ ಮಹದೇವಪ್ಪ ಹೊಗೆಸೊಪ್ಪಿನ ಸಸಿಮಡಿಯನ್ನು ದಡದ ಮೇಲೇ ಹಾಕುತ್ತಿದ್ದ. ಅವನೊಬ್ಬನೇ ಅಲ್ಲ, ಊರೆಲ್ಲ ಹಾಗೆಯೇ. ಸಸಿಗೆ ಔಷಧಿ ಹೊಡೆಯುವುದು, ಬೆನ್ನಿನ ಕ್ಯಾನು ಇಳಿಸಿ ಹಳ್ಳದಲ್ಲಿ ಅದ್ದಿ ತೊಳೆಯುವುದು, ಖಾಲಿ ಬಾಟಲಿಯನ್ನು ಪೊದೆಗೆ ಎಸೆಯುವುದು. ಕೈಕಾಲು ತೊಳೆದಷ್ಟೇ ಸಹಜವಾದ ಕೆಲಸ.

ಹೆಂಗಸರ ಸ್ವಸಹಾಯ ಸಂಘದ ಸಭೆಯಲ್ಲಿ, ಬೇಸಾಯದ ಸಲಹೆ ಕೊಡುವ ಕೃಷಿ ಸಖಿ ವಾಣಿಶ್ರೀ ಇದೇ ಮಾತು ಎತ್ತಿದಳು. ಅವಳು ಪಕ್ಕದ ಬೀದಿಯ ಸೊಸೆ. ಎಲ್ಲರಿಗೂ ತಾನೇ ಚಾಪೆ ಹಾಸಿ, ಮೊಣಕಾಲು ನೋವಿನ ಕುಳ್ಳಮ್ಮನಿಗೆ ಮಾತ್ರ ಒಂದು ಕುರ್ಚಿ ಇಟ್ಟು, ಆಮೇಲೆ ಮಾತು ಶುರುಮಾಡುವುದು ಅವಳ ರೂಢಿ.

"ಔಷಧಿ ಕ್ಯಾನು ಅಳ್ಳದಲ್ಲಿ ತೊಳೀಬ್ಯಾಡಿ ಅಂತ ಮನೆಯೋರಿಗೆ ಏಳಿ."

"ಏಳಿದ್ರೆ ಕೇಳೋ ಗಂಡಸ್ರು ಯಾವೂರಲ್ಲವ್ರೆ, ಅದ್ನ ಮೊದ್ಲು ಏಳವ್ವ," ಎಂದಳು ಕುಳ್ಳಮ್ಮ. ಎಲ್ಲರೂ ನಕ್ಕರು.

ಸುನಂದಮ್ಮನೂ ನಕ್ಕಳು. "ಅರಿಯೋ ನೀರು ಕಣವ್ವ ಅದು. ಗಂಗಮ್ಮಂಗೆ ಎಂಥ ಮೈಲಿಗೆ? ನಾಕು ಮಾರು ಮುಂದಕ್ಕೋದ್ರೆ ಎಲ್ಲಾ ತಿಳಿಯಾಯ್ತದೆ. ಕೆಳಗಡೆ ರಾಚಮ್ಮ ಮರಳಲ್ಲಿ ಒರತೆ ತೋಡ್ಕೊಂಡು ಕುಡೀತಾಳಲ್ಲ, ಕನ್ನಡಿ ಅಂಗದೆ ನೀರು."

"ದೊಡ್ಡವ್ವ, ಮರಳು ಕಸ ಸೋಸ್ತದೆ, ಕೆಸರು ಸೋಸ್ತದೆ. ಔಷಧೀನ ಸೋಸಾಕಿಲ್ಲ. ಸಕ್ಕರೆ ನೀರ್ನ ಬಟ್ಟೇಲಿ ಸೋಸಿದ್ರೆ ಸಿಹಿ ಬಟ್ಟೇಲಿ ನಿಲ್ತದಾ? ಅಂಗೇ ಇದೂವೆ."

ಸುನಂದಮ್ಮ ಒಪ್ಪಲಿಲ್ಲ.

ಆ ದಿನಗಳಲ್ಲಿ ಅವಳ ಮಗಳು ರಮ್ಯಶ್ರೀ ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಾದ ಮೂರನೇ ತಿಂಗಳಲ್ಲಿ ಗಂಗೆಪೂಜೆ. ಬಾಣಂತಿ ನೀರಿನ ಬಳಿ ಹೋಗಿ, ಅರಿಶಿನ ಕುಂಕುಮ ಇಟ್ಟು, ಬಿಂದಿಗೆ ತುಂಬಿ, ಒಂದು ಗುಟುಕು ಕುಡಿದು, ಮಗುವಿನ ಹಣೆಗೆ ಮುಟ್ಟಿಸಬೇಕು. ಆಮೇಲೆಯೇ ಅವಳು ಮನೆಯ ನೀರಿನ ಕೊಡ ಮುಟ್ಟುವುದು. ಸುನಂದಮ್ಮ ತನ್ನ ಕಾಲದಲ್ಲಿ ಅತ್ತಿಹಳ್ಳದಲ್ಲೇ ಬಿಂದಿಗೆ ತುಂಬಿದ್ದಳು. ಮಗಳೂ ಅಲ್ಲೇ ತುಂಬಬೇಕೆಂಬುದು ಅವಳ ಆಸೆ.

ಹಿಂದಿನ ಸಂಜೆ ಜಾಗ ಗುಡಿಸಲೆಂದು ಹಳ್ಳಕ್ಕೆ ಹೋದಳು. ಪಾಚಿ, ಹರಿದ ಸಸಿಯ ಟ್ರೇಗಳು, ನೊರೆ. ತಿರುವಿನಲ್ಲಿ ಮಹದೇವಪ್ಪ ಕುಕ್ಕರಗಾಲಲ್ಲಿ ಕೂತು ಕ್ಯಾನು ತೊಳೆಯುತ್ತಿದ್ದ. ಹಾಲಿನಂಥ ಬಿಳಿ ನೀರು ಹರಡಿ, ತೆಳುವಾಗಿ, ಕಾಣದಾಯಿತು. ಸುನಂದಮ್ಮ ಪೊರಕೆ ಹಿಡಿದು ಹಾಗೆಯೇ ವಾಪಸು ಬಂದಳು. ಪೂಜೆ ಅಂಗಳದ ನಲ್ಲಿಗೇ ಆಗಲಿ ಎಂದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ನೆರೆಯ ಹೆಂಗಸರೆಲ್ಲ ಸೇರಿದ್ದರು. ಅಷ್ಟರಲ್ಲಿ ಕೆಳಗಿನ ಬೀದಿಯ ರಾಚಮ್ಮ ಬಂದಳು. ಇಪ್ಪತ್ತು ವರ್ಷ ಈ ಮನೆಯ ಬ್ಯಾರನ್ನಿಗೆ ಸೊಪ್ಪು ಕಟ್ಟಿದವಳು. ತನ್ನ ಒರತೆಯ ಬಾಯಿಗೆ ಚಪ್ಪಡಿ ಮುಚ್ಚಿ, ಬಾಯಾರಿದವರಿಗಿರಲಿ ಎಂದು ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪು ಇಟ್ಟು ಬರುವವಳು. ಅವಳ ಸೊಂಟದ ಮೇಲೆ ಹುಣಸೇಹಣ್ಣಿನಲ್ಲಿ ಬೆಳಗಿದ ಹಿತ್ತಾಳೆ ಬಿಂದಿಗೆಯಿತ್ತು.

"ನಲ್ಲಿಗೆ ಪೂಜೆ ಮಾಡ್ತಾರಂತೆ ಅಂತ ಕೇಳಿ ತಡೀನಾರ್ದೆ ಬಂದೆ ಕಣ್ರವ್ವ. ಕೋಳಿ ಕೂಗೋ ಒತ್ಗೆ ಒರತೇಲಿ ಬಳ್ಕೊಂಡು ತಂದೀನಿ. ಅತ್ತಿಅಳ್ಳದ್ದೇ ನೀರು. ತಗೋ ನನ್ನವ್ವ," ಎಂದು ರಮ್ಯಶ್ರೀಯ ಮುಂದೆ ಇಟ್ಟಳು.

ರಮ್ಯಶ್ರೀಯ ಮುಖ ಅರಳಿತು. ಅಂಗೈಯಲ್ಲಿ ನೀರು ತೆಗೆದುಕೊಂಡು ತುಟಿಯ ಹತ್ತಿರ ತಂದಳು.

"ಕುಡೀಬ್ಯಾಡ ಕಣೇ!"

ಸುನಂದಮ್ಮ ಮಗಳ ಕೈ ತಟ್ಟಿಬಿಟ್ಟಳು. ನೀರು ನೆಲಕ್ಕೆ ಬಿತ್ತು. ರಾಚಮ್ಮ ನಿಧಾನವಾಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ತೆಪ್ಪಾಯ್ತು ಬುಡಿ ಅಮ್ಮಾರೆ. ನಮ್ಮ ಕೈನ ನೀರು ಅನ್ನೋದು ಮರ್ತು ತಂದ್ಬುಟ್ಟೆ."

ಸುನಂದಮ್ಮ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಅಲ್ಲಿದ್ದವರಲ್ಲಿ ಕೆಲವರು ಅದನ್ನೇ ಸರಿ ಎಂದುಕೊಳ್ಳುತ್ತಿದ್ದರು, ಗಂಡನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಅವಳು ಹತ್ತಿರ ಹೋಗಿ ರಾಚಮ್ಮನ ಕೈ ಹಿಡಿದುಕೊಂಡಳು.

"ನಿನ್ನ ಕೈದಲ್ಲ ತೆಪ್ಪು, ರಾಚಮ್ಮ. ನಿನ್ನೆ ಸಂಜೆ ನಮ್ಮೋರು ಔಷಧಿ ಕ್ಯಾನು ಮೇಲ್ಗಡೆ ತೊಳುದ್ರು. ಕಣ್ಣಾರೆ ಕಂಡೆ. ಅದೇ ನೀರು ಇದು."

"ನಿನ್ನೆ ಒಂದಿನವಾ, ಅಮ್ಮಾರೆ?"

"ಇಲ್ಲ ಕಣೆ. ವರ್ಸಾ ವರ್ಸಾ ಇದೇ ಆಗದೆ."

ರಾಚಮ್ಮ ದನಿ ಎತ್ತಲಿಲ್ಲ. "ನಮ್ಮ ಸೊಸೆ ಮಧುಶ್ರೀ ಈಗ ಮೂರು ತಿಂಗ್ಳ ಬಸ್ರಿ. ನಮ್ಮ ಬೀದಿ ನಲ್ಲೀಲಿ ಮೂರು ದಿನಕ್ಕೊಂದು ಸಲ ನೀರು. ಅವಳು ದಿನಾ ಇದ್ನೇ ಕುಡಿಯೋದು."

ಆ ಮಾತು ಸುನಂದಮ್ಮನ ಎದೆಗೆ ನಾಟಿತು. ತನ್ನ ಮಗಳಿಗೆ ಒಂದು ಗುಟುಕೂ ಬೇಡವೆಂದ ನೀರನ್ನು ಇನ್ನೊಬ್ಬರ ಮಗಳು ದಿನವೂ ಕುಡಿಯುತ್ತಿದ್ದಳು.

"ಈ ಬಿಂದಿಗೆ ನನ್ತಾವೇ ಇರ್ಲಿ," ಎಂದಳು. "ಮಧುಶ್ರೀ ಗಂಗೆಪೂಜೆಗೆ ಅತ್ತಿಅಳ್ಳದ್ದೇ ಒಳ್ಳೆ ನೀರ್ನ ನಾನೇ ತುಂಬಿಸ್ಕೊಂಡು ತತ್ತೀನಿ."

ಆವತ್ತಿನಿಂದಲೇ ಮಧುಶ್ರೀಗೆ ಕುಡಿಯುವ ನೀರು ಸುನಂದಮ್ಮನ ನಲ್ಲಿಯಿಂದ ಹೋಯಿತು. ವಾಣಿಶ್ರೀ ಆಶಾ ಕಾರ್ಯಕರ್ತೆಯೊಂದಿಗೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದಳು. ಕೆಳಗಿನ ಬೀದಿಯ ನಲ್ಲಿಗೆ ದಿನವೂ ನೀರು ಬಿಡಲೆಂದು ಸಂಘದಿಂದ ಪಂಚಾಯಿತಿಗೆ ಅರ್ಜಿ ಬರೆದಳು. "ನಾನು ಅವತ್ತೇ ಹೇಳಿದ್ದೆ" ಎಂದು ಒಮ್ಮೆಯೂ ಅನ್ನಲಿಲ್ಲ.

ಬಗ್ಗದವನು ಮಹದೇವಪ್ಪ.

"ಊರೇ ತೊಳೀತದೆ. ನಾನೊಬ್ಬ ಬುಟ್ಬುಟ್ರೆ ಅಳ್ಳ ಹಾಲಾಗೋಯ್ತದಾ?"

"ರಾಚಮ್ಮನ ಒರತೆಗೆ ಮೊದ್ಲು ಸಿಗೋದು ನಮ್ಮ ತಿರುವೇಯ. ನಮ್ಮಿಂದ್ಲೇ ಶುರುವಾಗ್ಲಿ. ಮಡೀನೂ ದಡ ಬುಟ್ಟು ಮೇಲಕ್ಕೆ ಹಾಕಾನ."

"ಸಸಿಮಡೀನ ಮೇಲಕ್ಕೆ ಹಾಕುದ್ರೆ ನೀರು ಹೊರೋರ್ಯಾರು?"

"ನಾನು."

ಮಾತಿನಂತೆ ಮಾರನೆಯ ದಿನ ಸಸಿಯ ಟ್ರೇಗಳನ್ನು ಹೊಲದ ಮೇಲ್ಭಾಗಕ್ಕೆ ಸಾಗಿಸಿ, ಎರಡು ಕೊಡ ನೀರು ಹೊತ್ತು ಆ ಹೊಸ ಸಸಿಮಡಿಯ ಹತ್ತಿರ ಇಟ್ಟಳು. ವಾಣಿಶ್ರೀ ಬಂದು ಮಾಡಿ ತೋರಿಸಿದಳು. ಕ್ಯಾನಿಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನೂ ಅದೇ ಮಡಿಗೇ ಹೊಡೆಯಬೇಕು. ಹೀಗೆ ಮೂರು ಸಲ. ಔಷಧಿ ಕಲಸುವಾಗಲೇ ಬಾಟಲಿಯನ್ನೂ ಮೂರು ಸಲ ತೊಳೆದು ಆ ನೀರನ್ನು ಕ್ಯಾನಿಗೇ ಸುರಿಯಬೇಕು. ಆಮೇಲೆ ಬಾಟಲಿಗೆ ತೂತು ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಚೀಲಕ್ಕೆ ಹಾಕಿ, ಎಲ್ಲಿಗೆ ಕೊಡಬೇಕೆಂದು ಪಂಚಾಯಿತಿಯಲ್ಲಿ ಕೇಳಿ ಅಲ್ಲಿಗೇ ಒಪ್ಪಿಸಬೇಕು.

ಐದು ದಿನ ಸುನಂದಮ್ಮ ನೀರು ಹೊತ್ತಳು. ಆರನೆಯ ದಿನ ಹೋಗುವಷ್ಟರಲ್ಲಿ ಕೊಡಗಳು ಆಗಲೇ ತುಂಬಿ ಅಲ್ಲಿದ್ದವು. ಮಹದೇವಪ್ಪ ಅತ್ತ ತಿರುಗಿ ಬೀಡಿ ಹಚ್ಚುತ್ತಿದ್ದ.

ಇನ್ನೂ ಒಂದು ಮಾತು ಬಾಕಿಯಿತ್ತು. ದಡದಿಂದ ಹತ್ತು ಹೆಜ್ಜೆ ಉಳುಮೆ ಮಾಡದೆ ಬಿಟ್ಟು ಮರ ಹಾಕಬೇಕು, ಆಗಲೇ ಹೊಲದ ಮಣ್ಣು, ಗೊಬ್ಬರ, ಔಷಧಿ ಮಳೆಯಲ್ಲಿ ನೇರ ಹಳ್ಳಕ್ಕೆ ಇಳಿಯದಂತೆ ಅವು ತಡೆಯುತ್ತವೆ ಎಂದಳು ವಾಣಿಶ್ರೀ.

"ಸೊಪ್ಪಿನ ಸಾಲೆಲ್ಲ ಓಯ್ತಾವಲ್ಲವ್ವ!" ಎಂದ ಮಹದೇವಪ್ಪ.

"ನಿಮ್ಮಪ್ಪಾರು ತೋರ್ಸಿದ್ದ ಬಾಂದುಕಲ್ಲು ಎಲ್ಲದೆ ಈಗ?" ಎಂದು ಕೇಳಿದಳು ಸುನಂದಮ್ಮ.

ಮಹದೇವಪ್ಪ ಹೋಗಿ ಹುಡುಕಿದ. ಹೊಲದ ಎಲ್ಲೆಯಲ್ಲಿದ್ದ ಕಲ್ಲು ಹಳ್ಳದ ನಡುವೆ ಪಾಚಿ ಹಿಡಿದು ನಿಂತಿತ್ತು. ಮರ ಕಡಿದ ಮೇಲೆ ದಡ ಕುಸಿಯುತ್ತಾ ಬಂದು, ಅಷ್ಟು ಭೂಮಿ ಸದ್ದಿಲ್ಲದೆ ನೀರುಪಾಲಾಗಿತ್ತು. ಅವನು ದಡ ಹತ್ತಿ, ಹೊಲದ ಕಡೆಗೆ ಹತ್ತು ಹೆಜ್ಜೆ ಎಣಿಸಿ ಗೂಟ ಹೊಡೆದ.

ಮೊದಲ ಮಳೆಗೆ ಹತ್ತು ಹೆಜ್ಜೆ ಜಾಗದಲ್ಲಿ ಅತ್ತಿ, ಹೊಂಗೆ, ಬಿದಿರು ನೆಟ್ಟರು. ನೀರಿನಂಚಿಗೆ ಲಾವಂಚ. ಇಳಿಜಾರಿನ ಮೇಲಿನ ಹೊಲಗಳಿಗೆ ಬದು ಹಾಕಿ, ಕೊರಕಲುಗಳಿಗೆ ಉದ್ಯೋಗ ಖಾತ್ರಿ ಕೆಲಸದಲ್ಲಿ ಕಲ್ಲು ತಡೆ ಕಟ್ಟಿದರು. ರಾಚಮ್ಮನ ಗಂಡ ಲಿಂಗಯ್ಯ ಒಂದು ಕಡೆ, ಮಹದೇವಪ್ಪ ಇನ್ನೊಂದು ಕಡೆ ಹಿಡಿದು ದೊಡ್ಡ ಕಲ್ಲು ಕೂರಿಸಿದರು. ಎಲ್ಲರೂ ಒಪ್ಪಲಿಲ್ಲ. ಮೇಲಿನ ಹೊಲದ ಕಾಂತರಾಜು ಇನ್ನೂ ದಡದವರೆಗೇ ಉಳುತ್ತಾನೆ. ಸುನಂದಮ್ಮ ಅವನ ಮನೆಗೆ ವಾರಕ್ಕೊಮ್ಮೆ ಹೋಗಿ ಕಾಫಿ ಕುಡಿದು, ಅದೇ ಮಾತು ಹೇಳಿ ಬರುತ್ತಾಳೆ.

"ಬತ್ತೀನಿ ಕಣಪ್ಪ. ನೀನು ಒಪ್ಪೋಗಂಟ ಕಾಫಿಪುಡಿ ಜಾಸ್ತಿ ತಂದಿಟ್ಕೊ."

ಸಂಕ್ರಾಂತಿ ಕಳೆದ ಮೇಲೆ ಮಧುಶ್ರೀಯ ಗಂಗೆಪೂಜೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಹಳ್ಳದ ತಿರುವಿನಲ್ಲಿ ಈ ಬಾರಿ ನೊರೆಯಿರಲಿಲ್ಲ. ಸಣ್ಣ ಮೀನುಗಳು ಲಾವಂಚದ ಬೇರಿನ ಸಂದಿಯಲ್ಲಿ ಓಡಾಡುತ್ತಿದ್ದವು. ಆದರೂ ಕುಡಿಯುವ ನೀರಲ್ಲ ಅದು. ತಿಳಿಯಾಗಿ ಕಂಡ ಮಾತ್ರಕ್ಕೆ ನಂಬಬಾರದೆಂದು ಈಗ ಎಲ್ಲರಿಗೂ ಗೊತ್ತಿತ್ತು.

ಪೂಜೆ ಹಳ್ಳಕ್ಕೇ ಆಯಿತು. ಮೊದಲ ಬೊಗಸೆ ನೀರನ್ನು ಮಧುಶ್ರೀ ಅತ್ತಿಗಿಡದ ಬುಡಕ್ಕೆ ಹಾಕಿದಳು. ಕುಡಿಯುವ ನೀರನ್ನು ಸುನಂದಮ್ಮ ಅದೇ ಹಿತ್ತಾಳೆ ಬಿಂದಿಗೆಯಲ್ಲಿ ಮನೆಯ ನಲ್ಲಿಯಿಂದ ತುಂಬಿ ತಂದಿದ್ದಳು.

"ಅರ್ಧ ಮಾತು ಉಳಿಸ್ಕೊಂಡೆ, ರಾಚಮ್ಮ. ಇನ್ನರ್ಧ ಬಾಕಿ ಅದೆ."

ರಾಚಮ್ಮ ಬಿಂದಿಗೆ ಇಸಿದುಕೊಂಡಳು. ಸೊಸೆ ಒಂದು ಗುಟುಕು ಕುಡಿದ ಮೇಲೆ ಸುನಂದಮ್ಮ ತನ್ನ ಬೊಗಸೆ ಚಾಚಿದಳು. ರಾಚಮ್ಮ ಅವಳ ಮುಖ ನೋಡಿದಳು, ಆಮೇಲೆ ಬೊಗಸೆ ತುಂಬಾ ಸುರಿದಳು. ಸುನಂದಮ್ಮ ಒಂದು ಹನಿಯೂ ಬಿಡದೆ ಕುಡಿದಳು.

"ಈ ಕೂಸು ಬಾಣಂತಿ ಆಗೋ ಒತ್ಗೆ," ಎಂದು ಮಹದೇವಪ್ಪ ಮಗುವನ್ನು ತೋರಿಸಿದ, "ಇಲ್ಲಿಂದ್ಲೇ ಬಳ್ದು ಕುಡೀತಾಳೆ. ಅಂಗ್ ಮಾಡ್ದೆ ನಾ ಬುಡಾಕಿಲ್ಲ."

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹೊಲದ ಪಕ್ಕದಲ್ಲೂ ಒಂದು ಹಳ್ಳ ಇರಬಹುದು. ಅದು ನಿಮ್ಮ ಎಲ್ಲೆಯಲ್ಲಿ ಮುಗಿಯುವುದಿಲ್ಲ. ಕೆಳಗೆ ಯಾರೋ ಒರತೆ ತೋಡಿ, ಬಾಯಾರಿದವರಿಗೆಂದು ಚಿಪ್ಪು ಇಟ್ಟಿದ್ದಾರೆ. ಇವತ್ತು ಔಷಧಿ ಕ್ಯಾನನ್ನು ಹೊಲದಲ್ಲೇ ತೊಳೆಯಿರಿ. ಬರುವ ಮಳೆಗೆ ದಡದ ಹತ್ತು ಹೆಜ್ಜೆ ಬಿಟ್ಟು ಗಿಡ ನೆಡಿ. ಯಾರು ಮೊದಲು ಶುರುಮಾಡಬೇಕು ಎಂದು ಕಾಯಬೇಡಿ. ನಿಮ್ಮ ಕೆಳಗಿನ ಮನೆಗೆ ಮೊದಲು ಸಿಗುವುದು ನಿಮ್ಮ ನೀರೇ.