ದಾರದಲ್ಲಿ ಅಳೆಯುವ ಬೇಡಪ್ಪ

ತಾನು ಮಾರಲು ತಂದ ವಸ್ತುವನ್ನೇ ಬೇಡ ಎನ್ನುವ ವ್ಯಾಪಾರಿಯನ್ನು ನಾನು ಕಂಡದ್ದು ಒಬ್ಬರನ್ನೇ. ಮನೆಯ ಮೆಟ್ಟಿಲ ಮೇಲೆ ಹಳಿ ಹಾಸಿ, ಕೂತವರನ್ನು ಮೇಲಕ್ಕೊಯ್ಯುವ ವಿದ್ಯುತ್ ಕುರ್ಚಿಯನ್ನು ಜೋಡಿಸುವುದು ಅವರ ಕಸುಬು; ಹತ್ತು ಮನೆಗೆ ಹೋದರೆ ನಾಲ್ಕರಲ್ಲಿ ಬೇಡವೆಂದು ಹೇಳಿ ಬರುವುದು ಅವರ ಸ್ವಭಾವ. ಮಂಡಿ ಹಿಡಿದುಕೊಂಡು ಗೊಣಗುತ್ತಿದ್ದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಗೋಡೆಗೆ ಇನ್ನೊಂದು ಹಿಡಿಕಂಬಿ ಬಡಿದು, ಇನ್ನೆರಡು ವರ್ಷಕ್ಕೆ ನಿಮ್ಮ ಕಾಲೇ ಸಾಕು ಎಂದು ಎದ್ದು ಬಂದವರು. ಜನ ಬೇಡಪ್ಪ ಎಂದು ಕರೆದರೆ ಓ ಎನ್ನುತ್ತಿದ್ದರು.

ಮೊಣಕಾಲಿನವರೆಗೆ ಇಳಿಬಿದ್ದ ಕಂದು ಕೋಟು. ಅದರ ಜೇಬುಗಳಲ್ಲಿ ಸೀಮೆಸುಣ್ಣ, ಮಡಚುವ ಅಳತೆಗೋಲು, ಹುರಿದಾರದ ಉಂಡೆ. ಸಮನೆಲದ ಮೇಲೆ ಅವರ ನಡಿಗೆ ಕುದುರೆಯದು. ಮೆಟ್ಟಿಲು ಕಂಡೊಡನೆ ಮಾತ್ರ ಒಂದೊಂದರ ಮೇಲೂ ಎರಡು ಪಾದ ಜೋಡಿಸಿ, ನಿಂತು, ಉಸಿರು ತೆಗೆದುಕೊಂಡು ಹತ್ತುತ್ತಿದ್ದರು. ಕಾಲುನೋವೇ ಎಂದು ಕೇಳಿದೆ. ನನ್ನ ಕಾಲಿಗೇನೂ ಆಗಿಲ್ಲ, ಹತ್ತಬೇಕಾದವರ ಕಾಲಲ್ಲಿ ಹತ್ತಿ ನೋಡುತ್ತಿದ್ದೇನೆ ಎಂದರು.

ನಮ್ಮ ಮನೆಯಲ್ಲಿ ಹತ್ತಬೇಕಾಗಿದ್ದವಳು ಅತ್ತೆ, ಅಪ್ಪನ ಅಕ್ಕ. ಮಹಡಿಯ ಕೋಣೆಯಲ್ಲಿ ನಲವತ್ತು ವರ್ಷ ಪುಸ್ತಕಗಳ ಬೈಂಡಿಂಗ್ ಮಾಡಿದವಳು. ಮಂಡಿಯ ಶಸ್ತ್ರಚಿಕಿತ್ಸೆಯ ಅನಂತರ ಬಲಗಾಲು ಮಡಚಲಾರದೆ, ಐದು ತಿಂಗಳಿಂದ ಮಹಡಿಯ ಮುಖ ಕಂಡಿರಲಿಲ್ಲ. ಹೊಲಿದ ಪುಸ್ತಕಗಳನ್ನು ಅದುಮುವ ಅವಳ ಕಬ್ಬಿಣದ ಪ್ರೆಸ್ಸಿಗೂ ಉದ್ದನೆಯ ಮೇಜಿಗೂ ಕೆಳಗೆ ಜಾಗವಿರಲಿಲ್ಲ. ಕುರ್ಚಿ ಹೊಂದದಿದ್ದರೆ ಪ್ರೆಸ್ಸನ್ನು ಬಿಚ್ಚಿ ಮುದ್ರಕರೊಬ್ಬರಿಗೆ ಕೊಟ್ಟುಬಿಡುವುದೆಂದು ತೀರ್ಮಾನವಾಗಿತ್ತು. ಅತ್ತೆ ಹೂಂ ಎಂದಿದ್ದಳು. ಅಂದಿನಿಂದ ಊಟದ ಹೊತ್ತಿಗೆ ಅವಳ ಮಾತು ಅನ್ನಕ್ಕಿಂತ ಕಡಿಮೆಯಾಗಿತ್ತು.

ಅಪ್ಪ ಮುಂಚೆಯೇ ಚೀಟಿಯಲ್ಲಿ ಬರೆದಿಟ್ಟಿದ್ದರು: ಮೆಟ್ಟಿಲು ಹದಿನಾಲ್ಕು, ಅಗಲ ಎರಡೂವರೆ ಅಡಿ, ಗೋಡೆ ಗಟ್ಟಿ. ಬೇಡಪ್ಪನವರು ಓದಿ, ಹಳಿ ಕೂರುವುದು ಮೆಟ್ಟಿಲ ಮೇಲೆ, ಗೋಡೆಯ ಗಟ್ಟಿತನ ನಿಮಗಿರಲಿ, ಇದರಲ್ಲಿ ಅಕ್ಕನವರ ಅಳತೆ ಎಲ್ಲಿ ಎಂದು ಕೇಳಿದರು. ಮನೆಯವರೆಲ್ಲ ಸೇರಿ ಏಣಿಯನ್ನು ಅಳೆದಿದ್ದೆವೇ ಹೊರತು ಏರುವವಳನ್ನಲ್ಲ.

ಅಡುಗೆಮನೆಯ ಕುರ್ಚಿ ತರಿಸಿ ಅತ್ತೆಯನ್ನು ಕೂರಿಸಿದರು. ಬಲಗಾಲು ನೊಗದಂತೆ ನೆಟ್ಟಗೆ ಚಾಚಿಕೊಂಡಿತು. ಬೆನ್ನಿನಿಂದ ಹೆಬ್ಬೆರಳ ತುದಿಯವರೆಗೆ ದಾರ ಹಿಡಿದು, ಅದನ್ನು ಮೆಟ್ಟಿಲಿಗೆ ಅಡ್ಡ ಚಾಚಿದರೆ ಆಚೆ ಬದಿಯ ಕಂಬಿಯನ್ನು ದಾಟಿ ಗೇಣುದ್ದ ಹೊರಗಿಣುಕಿತು. ಹಳಿಯ ಕುರ್ಚಿಯಲ್ಲಿ ಅಡ್ಡಡ್ಡ ಕೂರಬೇಕು, ಕಾಲಿಗೆ ಎಡೆಯಿರಲಿಲ್ಲ. ಆದರೂ ಛಲ ಬಿಡದೆ ಹದಿನಾಲ್ಕು ಮೆಟ್ಟಿಲಿಗೂ ದಾರ ಹಿಡಿದು, ಇಳಿದು ಬಂದು, "ಬೇಡ" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡಳು. "ಶನಿವಾರ ಬಂದು ಪ್ರೆಸ್ ಒಯ್ಯಲಿ ಅಂತ ಹೇಳ್ಬಿಡೋ" ಎಂದು ತಮ್ಮನಿಗೆ ಹೇಳಿ ಗೋಡೆಯತ್ತ ತಿರುಗಿದಳು.

ಬೇಡಪ್ಪನವರು ಹೊರಡಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದರು: "ಅಕ್ಕಾ, ಎಷ್ಟು ಹೊತ್ತು ನಿಂತ್ಕೊಳ್ಳೋಕೆ ಆಗುತ್ತೆ?"

"ಬೈಂಡಿಂಗ್ ಮಾಡೋರು ಯಾವತ್ತು ಕೂತಿದ್ದಾರಪ್ಪಾ? ನಾನು ಕೂತಿದ್ದೇ ಈ ಐದು ತಿಂಗಳು."

"ಮತ್ತೆ ನಿಮಗ್ಯಾಕೆ ಕುರ್ಚಿ? ನಿಂತ್ಕೊಂಡೇ ಹೋಗಿ."

ನಿಂತು ಹೋಗುವಂಥದ್ದೂ ಇದೆಯಂತೆ: ಪಾದಕ್ಕೊಂದು ಹಲಗೆ, ಕೂತೂ ಕೂರದಂತೆ ಒರಗಲು ಸಣ್ಣ ಆಸರೆ, ಕೈಗೆರಡು ಹಿಡಿ, ಸೊಂಟಕ್ಕೆ ಪಟ್ಟಿ. ತಲೆ ಮಾತ್ರ ಮಹಡಿಯ ತೊಲೆಗೆ ಬಡಿಯಬಾರದು. ಮತ್ತೆ ದಾರ ಬಿಚ್ಚಿಕೊಂಡಿತು. ಅತ್ತೆಯ ನೆತ್ತಿಯಿಂದ ಪಾದಕ್ಕೆ, ಹಲಗೆಯ ಎತ್ತರವನ್ನೂ ಕೂಡಿಸಿ. ತೊಲೆಯ ಕೆಳಗೆ ಹಿಡಿದಾಗ ಅಪ್ಪ ಕತ್ತೆತ್ತಿ ನೋಡಿದರು. ನಾಲ್ಕು ಬೆರಳು ಮಿಕ್ಕಿತು.

"ಚಿಕ್ಕಂದಿನಿಂದ ಕುಳ್ಳಿ ಕುಳ್ಳಿ ಅಂತ ಆಡ್ಕೊಂಡೆಯಲ್ಲೋ, ಈಗ ನೋಡು" ಎಂದಳು ಅತ್ತೆ. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮೂರು ವಾರಕ್ಕೆ ಹಳಿ ಬಂತು. ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟರೆ ಇಳಿಯುವಾಗ ಜಾರುವ ಭಯವೆಂದು ಅದನ್ನು ಮಹಡಿಯ ನೆಲದವರೆಗೂ ಎಳೆದರು. ಉಳಿದವರು ಓಡಾಡಲು ಎಡೆಯಿದೆಯೇ ಎಂದು ನೋಡಲು ಹಲಗೆ ಮಡಚಿಸಿ, ತುಂಬಿದ ಕೊಡ ಹಿಡಿಸಿ ನಮ್ಮನ್ನೆಲ್ಲ ಹತ್ತಿಳಿಸಿದರು. ಹಾದಿಗೆ ದಪ್ಪ ಪುಸ್ತಕವೊಂದನ್ನು ಅಡ್ಡವಿಟ್ಟು, ಯಂತ್ರ ತಾನಾಗಿ ನಿಲ್ಲುವುದನ್ನು ನೋಡಿದರು. ಕಡೆಗೆ ಮನೆಯ ಕರೆಂಟು ತೆಗೆದು, ಬ್ಯಾಟರಿಯ ಬಲದಲ್ಲೇ ಅತ್ತೆಗೆ ಹೊರಡಿ ಎಂದರು. ಅಪ್ಪ ಕೈ ನೀಡಹೋದರೆ ಕಣ್ಣಲ್ಲೇ ತಡೆದರು. ಅತ್ತೆ ಉತ್ಸವಮೂರ್ತಿಯಂತೆ ನೆಟ್ಟಗೆ ನಿಂತು, ನಿಧಾನವಾಗಿ, ನಮ್ಮೆಲ್ಲರ ತಲೆಗಳಿಗಿಂತ ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಪ್ರೆಸ್ಸಿನ ಚಕ್ರ ಕಿರುಗುಟ್ಟಿತು. ಎಣ್ಣೆ ಹಾಕದೆ ತುಕ್ಕು ಹಿಡಿಸಿದ್ದೀರೆಂದು ಬೈಗುಳವೂ ಇಳಿದು ಬಂತು. ಅಂಥ ಇಂಪಾದ ಬೈಗುಳವನ್ನು ನಾವು ಕೇಳಿ ಆರು ತಿಂಗಳಾಗುತ್ತ ಬಂದಿತ್ತು.

ಕಾಲು ಸೋತವರ ಮನೆಗೆ ನೆಂಟರು, ನೆರೆಯವರು, ಹೆತ್ತ ಮಕ್ಕಳು ಎಲ್ಲರೂ ಪರಿಹಾರವನ್ನು ಕಂಕುಳಲ್ಲಿಟ್ಟುಕೊಂಡೇ ಬರುತ್ತಾರೆ; ಬರಿಗೈಯಲ್ಲಿ ಬಂದು, ನಿಮಗೆ ಮೇಲೇನು ಕೆಲಸ, ಅದನ್ನು ಹೇಗೆ ಮಾಡುತ್ತೀರಿ ಎಂದು ಕೇಳುವವರು ಊರಿಗೊಬ್ಬರಿದ್ದರೆ ಹೆಚ್ಚು. ಅಂಥವರ ಕಾಲ್ಗುಣದಿಂದ ಎಷ್ಟೋ ಹಿರಿಯರು ಇನ್ನೂ ತಮ್ಮ ಕೋಣೆಯ ಬಾಗಿಲನ್ನು ತಾವೇ ತೆರೆದು, ಒಳಗೆ ಹೋಗಿ, ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಕೈ ಹಚ್ಚುತ್ತಿದ್ದಾರೆ.