ಒಂದೇ ಹೆಸರಿಗೆ ಎರಡು ಅಳತೆ

ಸೂಜಿಗೆ ದಾರ ಪೋಣಿಸುವುದೇ ಹರಸಾಹಸವಾದ ಮೇಲೆ ದರ್ಜಿ ಅಪ್ಪ ಅಂಗಡಿಯನ್ನು ತಮ್ಮನ ಮಗಳಿಗೆ ಒಪ್ಪಿಸಲು ಮನಸ್ಸು ಮಾಡಿದ. ಹೊಲಿಗೆ ಯಂತ್ರ, ಕತ್ತರಿ ಎಲ್ಲ ಸರಿ, ಆದರೆ ನಲವತ್ತು ವರ್ಷದ ಅಳತೆ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆದು ಹೊಟ್ಟೆ ಹೊರೆಯುವ ತನ್ನ ಮಗಳ ಮುಂದೆ ಅದನ್ನು ತಂದಿಟ್ಟ.

"ಒಬ್ಬರೂ ಬಿಟ್ಟುಹೋಗಬಾರದು ಕಣಮ್ಮ. ಇನ್ನೂರ ಹದಿನಾಲ್ಕು ಜನ ಇದ್ದಾರೆ."

ನಾಲ್ಕು ಭಾನುವಾರ ಕೂತು ಅವಳು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದಳು. "ಇದಕ್ಕೆ ಹ್ಯಾಶ್ ಅಂತಾರಪ್ಪ. ಗೂಡುಗಳ ಬೀರು ಅಂದ್ಕೋ. ಒಂದೊಂದು ಹೆಸರಿಗೆ ಒಂದೊಂದು ಗೂಡು. ಈಗ ಲೂಪ್ ಓಡಿಸಿದ್ರೆ ಗೂಡು ಒಂದೊಂದಾಗಿ ತೆರ್ಕೊಳ್ಳುತ್ತೆ."

ಪರದೆಯ ಮೇಲೆ ಬಂದ ಹಾಗೆ ಓದುತ್ತಾ ಹೋದಳು.

"ಇದೇನೇ, ಮೊನ್ನೆ ಬಂದವಳು ಮೊದಲು, ಹಳೇ ಗಿರಾಕಿ ಆಮೇಲೆ?"

"ಅದಕ್ಕೆ ಹಿಂದು ಮುಂದು ಇಲ್ಲಪ್ಪ."

ಗೊಣಗಿದವನಿಗೆ ಆ ಕಲಸುಮೇಲೋಗರವೇ ರುಚಿಸತೊಡಗಿತು. ಒಂದು ಭುಜ ಇಳಿದಿದ್ದ ಪಿಟೀಲಿನವನು, ನಾಲ್ಕು ಜೇಬಿಗೆ ಹಟ ಹಿಡಿಯುತ್ತಿದ್ದ ಸೂಲಗಿತ್ತಿ, ಹೊಟ್ಟೆ ಬಂದರೂ "ಹೋದ ವರ್ಷದ್ದೇ ಬರಿ" ಎನ್ನುತ್ತಿದ್ದ ಅಂಚೆಯವನು. ಯಾರು ಬಂದರೂ ಅಪ್ಪ ನಕ್ಕು ಒಂದು ಕತೆ ಹೇಳಿದ. ಎಷ್ಟೋ ಜನ ಈಗಿಲ್ಲ ಎಂದು ನೆನಪಾದಾಗ ಪುಸ್ತಕದಲ್ಲಿ ಅವರ ಪುಟ ತೆರೆದು ನೋಡಿದ.

ಲೂಪ್ ಮುಗಿದಾಗ ಲೆಕ್ಕ ಇನ್ನೂರ ಹದಿಮೂರಕ್ಕೇ ನಿಂತಿತ್ತು.

"ನಿನ್ನ ಬೀರು ಒಬ್ಬರನ್ನ ನುಂಗಿದೆ," ಎಂದ ಅಪ್ಪ ಗಾಬರಿಯಿಂದ.

ಮಗಳು ಪುಟ ಪುಟ ತಾಳೆ ನೋಡಿದಳು. ಮೂರನೆಯ ಪುಟದಲ್ಲಿ ಅಮ್ಮನ ಹೆಸರು, ಕೋಟಿನ ಅಳತೆ, ಸೊಂಟ ಇಪ್ಪತ್ತನಾಲ್ಕು. ತೊಂಬತ್ತನೆಯ ಪುಟದಲ್ಲಿ ಮತ್ತೆ ಅದೇ ಹೆಸರು, ಸೊಂಟ ಮೂವತ್ತೆರಡು. ಒಂದೇ ಹೆಸರಾದ್ದರಿಂದ ಎರಡನೆಯದು ಗೂಡಿಗೆ ಬಂದು ಮೊದಲನೆಯದನ್ನು ಹೊರಗೆ ಹಾಕಿತ್ತು.

"ಸದ್ಯ! ಯಾರೂ ಬಿಟ್ಟುಹೋಗಿಲ್ಲಪ್ಪ, ಅಮ್ಮನೇ ಎರಡು ಸಲ ಇದ್ದಾಳೆ. ಹಳೇ ಅಳತೆ ಈಗ ಯಾರಿಗೆ ಬೇಕು?"

ಅಪ್ಪನ ಮುಖ ಸಪ್ಪಗಾಯಿತು. "ನಂಗೆ ಬೇಕು. ಅಂಗಡಿ ಶುರು ಮಾಡಿದ ವಾರ ಗಿರಾಕಿಯಾಗಿ ಬಂದಿದ್ಲು. ಅವಳನ್ನೇ ನೋಡ್ತಾ ಲೆಕ್ಕ ತಪ್ಪಿ ತೋಳಿನಳತೆ ಮೂರು ಸಲ ತಗೊಂಡೆ."

"ನಾಲ್ಕು ಸಲ," ಎಂದಳು ಇಸ್ತ್ರಿ ಮಾಡುತ್ತಿದ್ದ ಅಮ್ಮ. "ಅಷ್ಟು ಅಳೆದೂ ತೋಳು ಗಿಡ್ಡ ಹೊಲಿದ್ರು."

"ನೀನು ಮತ್ತೆ ಅಂಗಡಿಗೆ ಬರೋ ಹಾಗೆ ಮಾಡ್ಬೇಕಿತ್ತಲ್ಲ!" ಎಂದ ಅಪ್ಪ.

ಅಮ್ಮ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಬಂದು ಮೂರನೆಯ ಪುಟವನ್ನು ಬಹಳ ಹೊತ್ತು ನೋಡಿದಳು.

"ಈ ಹುಡುಗೀನೂ ಸೇರಿಸೇ. ನೀನು ಹುಟ್ಟಿದ ಮೇಲೆ ಅವಳನ್ನ ಯಾರೂ ಕೇಳ್ಲಿಲ್ಲ."

ಆ ಸಪೂರ ಹುಡುಗಿಯ ಬಗ್ಗೆ ತಾನೂ ಒಂದು ದಿನವೂ ವಿಚಾರಿಸಿರಲಿಲ್ಲವಲ್ಲ ಎಂದು ಮಗಳಿಗೆ ಹೊಳೆಯಿತು. ಒಂದು ಹೆಸರಿಗೆ ಎಷ್ಟು ಅಳತೆ ಬೇಕಾದರೂ ಹಿಡಿಯುವಂತೆ ಗೂಡನ್ನು ತಿದ್ದಿದಳು. ಆಮೇಲೆ ಅಮ್ಮನಿಗೆ ಪಕ್ಕದಲ್ಲಿ ಕುರ್ಚಿ ಎಳೆದು ಹಾಕಿ, "ಆ ಕೋಟು ಯಾವ ಬಣ್ಣದ್ದಮ್ಮ?" ಎಂದು ಕೇಳಿದಳು.