ಪರದೆಯ ಮೇಲಿನ ಸ್ಕೋರು

ಕುರ್ಚಿ ಹಾಕಲು ಜಾಗ ಸಾಲದೆ ಅಳಿಯ ಟಿವಿಯ ವೈರ್‌ಗೆ ಕೈ ಹಾಕಿದ್ದೇ ತಡ, ಮಾವ ಗುಡುಗಿದರು.

"ಮುಟ್ಬೇಡ! ಅದರಲ್ಲಿ ನಿಮ್ಮತ್ತೆ ಇದಾಳೆ."

ಕೂತವರು ಮುಖ ಮುಖ ನೋಡಿಕೊಂಡರು. ಹೆಣ ಎತ್ತಲು ಇನ್ನೂ ಹೊತ್ತಿತ್ತು. ಪರದೆಯ ಮೇಲೆ ಚೌಕ ಚೌಕದ ದೋಣಿಯೊಂದು ಅಲುಗದೆ ನಿಂತಿತ್ತು, ಮೇಲೆ ಸ್ಕೋರು. ಆಸ್ಪತ್ರೆಗೆ ಹೋಗುವ ಮುಂಚೆ ಅತ್ತೆ ಆಡಿದ ಕೊನೆಯ ವಿಡಿಯೋ ಗೇಮ್ ಆಟ. ಜೀವಮಾನವಿಡೀ ಹೊಲಿಗೆ ಮಷಿನ್ ತುಳಿದ ಆಕೆಗೆ ಸಂಜೆಯಾದರೆ ಈ ಆಟ ಆಗಲೇಬೇಕು. ಆಡುವವಳು ಅವಳು, ಸೋತಾಗ ಬೈಸಿಕೊಳ್ಳುವವರು ಪಕ್ಕದಲ್ಲಿ ಸುಮ್ಮನೆ ಕೂತ ಗಂಡ.

ಅಷ್ಟರಲ್ಲಿ ಹೂವು ಹಿಡಿದು ಬಾಗಿಲಲ್ಲಿ ನಿಂತವನನ್ನು ಕಂಡು ಮಗಳ ಪಿತ್ತ ನೆತ್ತಿಗೇರಿತು. ಹಳೆಯ ವಿಡಿಯೋ ಗೇಮುಗಳನ್ನು ಕೂಡಿಡುವ ಹುಚ್ಚಿನವನು ಅವನು.

"ಅಮ್ಮನ್ನ ಇನ್ನೂ ಕಳಿಸಿಲ್ಲ, ಆಗ್ಲೇ ಬಂದ್ಬಿಟ್ರಾ?"

"ಅವರೇ ಹೇಳಿದ್ರು..." ಎಂದು ಅವನು ತಲೆ ತಗ್ಗಿಸಿದ.

*

ಹೇಳಿದ್ದು ನಿಜ. ಆಟದ ಸಾಮಾನಿನ ಅಂಗಡಿಯವನು ಕಾಯಂ ಬಾಗಿಲು ಹಾಕುವಾಗ, ಪರದೆ ಹೊಲಿದ ಕೂಲಿಗೆ ಬದಲಾಗಿ ಅತ್ತೆಗೆ ಕೊಟ್ಟಿದ್ದು ಆ ದೋಣಿ ಆಟದ ಕ್ಯಾಸೆಟ್. ಆಟ ಮಾಡಿದ ಕಂಪನಿ ಮುಳುಗುವ ಮುನ್ನ ಕೆಲವೇ ಕೆಲವು ಹೊರಬಂದಿದ್ದವಂತೆ, ಗಾಜಿನ ಕಪಾಟಿನಲ್ಲಿ ಇರಬೇಕಾದ್ದಂತೆ. ಹೋದ ವರ್ಷ ಬಂದು ಅಂಗಲಾಚಿದವನಿಗೆ ಆಕೆ, "ಮೊದ್ಲು ನನ್ನ ಸೋಲ್ಸು," ಎಂದಿದ್ದಳು. ಎಷ್ಟು ಸಲ ಆಡಿದರೂ ಅವನ ದೋಣಿಯೇ ಮುಳುಗಿತು.

"ಕಪಾಟಲ್ಲಿಟ್ಟು ಪೂಜೆ ಮಾಡಿದ್ರೆ ಆಟ ಬರುತ್ತೇನಪ್ಪಾ?" ಎಂದು ನಕ್ಕು, ಅವನ ಸಪ್ಪೆ ಮುಖ ನೋಡಿ ಮರುಗಿದಳು. "ಹೋಗ್ಲಿ, ನಾನು ಸತ್ತ ದಿನ ಬಂದು ತಗೊಂಡೋಗು. ಒಂದಿನ ತಡವಾದ್ರೂ ನಮ್ಮ ಯಜಮಾನ್ರು ಎಲ್ಲಾದ್ರೂ ಇಟ್ಟು ಮರೆತಿರ್ತಾರೆ."

*

"ಮಾತು ಕೊಟ್ಟಿದಾಳೆ. ತಗೊಂಡೋಗ್ಲಿ," ಎಂದರು ಮಾವ. ಆಮೇಲೆ ದನಿ ಇಳಿಸಿ ಅವನನ್ನೇ ಕೇಳಿದರು, "ಕಿತ್ರೆ ಆ ಸ್ಕೋರು ಹೋಗುತ್ತಾ?"

"ಹೋಗುತ್ತೆ. ಆಗಿನ ಗೇಮ್ ಮಷಿನ್‌ಗಳಿಗೆ ನೆನಪಿಟ್ಕೊಳ್ಳೋಕೆ ಬರಲ್ಲ."

"ಹಾಗಾದ್ರೆ ಸ್ವಲ್ಪ ತಡಿ. ಇನ್ನೊಂದ್ಸಲ ನೋಡ್ಕೋತೀನಿ."

ನೋಡುತ್ತ ಕೂತರು. ಕೊನೆಗೆ, "ಸರಿ, ತಗೋ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಅವನು ಟಿವಿ ಕೆಳಗಿನ ಗೇಮ್ ಮಷಿನ್ ಮುಂದೆ ಮಂಡಿಯೂರಿದ. ಕ್ಯಾಸೆಟ್ ಸುತ್ತಲು ತಂದಿದ್ದ ಅಂಟುಟೇಪನ್ನು ಚೀಲದಿಂದ ತೆಗೆದು, ಒಂದು ತುಂಡು ಹರಿದು, ಯಾರ ಕೈ ತಾಗಿದರೂ ಮಷಿನ್ ಆರದ ಹಾಗೆ ಅದರ ಸ್ವಿಚ್ಚಿನ ಮೇಲೆ ಬಿಗಿಯಾಗಿ ಅಂಟಿಸಿದ.